ಸತ್ತವರ ನ್ಯಾಯಪೀಠ: ಯಮನಿಂದ ಡೆಕಿಮ್‌ನವರೆಗೆ



ಯಮನ ಆಸ್ಥಾನವನ್ನು ಬರೆಯಿರಿ ಎಂದು ನಿಮ್ಮ ಕೈಗೆ ಬಣ್ಣದ ಪೆಟ್ಟಿಗೆ ಕೊಟ್ಟರೆ ಏನನ್ನು ಬರೆಯುತ್ತೀರಿ? ಎತ್ತರದ ಸಿಂಹಾಸನ, ಗಿರಿಜಾ ಮೀಸೆ, ಗದೆ, ಪಾಶ, ಪಕ್ಕದಲ್ಲಿ ಕೋಣ, ಸ್ವಲ್ಪ ಕೆಳಗೆ ದಫ್ತರ ಬಿಚ್ಚಿಕೊಂಡು ಕುಳಿತ ಚಿತ್ರಗುಪ್ತ. ಯಕ್ಷಗಾನ, ಪೌರಾಣಿಕ ನಾಟಕ ಮತ್ತು ಸಿನಿಮಾಗಳು ನಮ್ಮ ಕಣ್ಣಿಗೆ ಕಟ್ಟಿಕೊಟ್ಟಿರುವ ಚಿತ್ರ ಇದು.

ಈಗ ಇನ್ನೊಂದು ಚಿತ್ರವನ್ನು ಕಲ್ಪಿಸಿಕೊಳ್ಳಿ. ಮಂದ ಬೆಳಕಿನ ಒಂದು ಪಾನಗೃಹ. ಕಟ್ಟೆಯ ಹಿಂದೆ ಬಿಳಿಗೂದಲಿನ, ನಗು ಅಳು ಎರಡೂ ಕಾಣದ ಮುಖದ ಒಬ್ಬ ಯುವಕ ನಿಂತಿದ್ದಾನೆ. ಲಿಫ್ಟಿನಲ್ಲಿ ಇಬ್ಬರು ಅತಿಥಿಗಳು ಬರುತ್ತಾರೆ. ತಾವು ಸತ್ತಿದ್ದೇವೆ ಎಂಬುದು ಅವರಿಗೆ ನೆನಪಿಲ್ಲ. ಯುವಕ ತಲೆಬಾಗಿ ಸ್ವಾಗತಿಸುತ್ತಾನೆ. ನೀವಿಬ್ಬರೂ ಒಂದು ಆಟ ಆಡಬೇಕು, ಪ್ರಾಣವನ್ನೇ ಪಣವೆಂದು ತಿಳಿದು ಆಡಬೇಕು ಎನ್ನುತ್ತಾನೆ. ಆಟ ಮುಗಿಯುವ ಹೊತ್ತಿಗೆ ನೆನಪು ಮರಳುತ್ತದೆ, ತೀರ್ಪೂ ಸಿದ್ಧವಾಗಿರುತ್ತದೆ. ಒಬ್ಬರಿಗೆ ಮರುಹುಟ್ಟು, ಇನ್ನೊಬ್ಬರಿಗೆ ಶೂನ್ಯ. ಕೆಲವೊಮ್ಮೆ ಇಬ್ಬರಿಗೂ ಒಂದೇ ದಾರಿ. ಲಿಫ್ಟಿನ ಬಾಗಿಲ ಮೇಲಿನ ಮುಖವಾಡ ಅದನ್ನು ಹೇಳುತ್ತದೆ. ಜಪಾನಿನ ನೋ ನಾಟಕದಲ್ಲಿ ಬಳಸುವ ಕೊಂಬಿನ ಹನ್ನ್ಯಾ ಮುಖ ಕಂಡರೆ ಅದು ಶೂನ್ಯದ ದಾರಿ.

ಇದು 'ಡೆತ್ ಪರೇಡ್' ಎಂಬ ಜಪಾನೀ ಅನಿಮೆ, ಅಂದರೆ ಕೈಬರಹದ ಚಿತ್ರಗಳಿಗೆ ಜೀವ ಕೊಟ್ಟು ಮಾಡಿದ ಧಾರಾವಾಹಿ. 2015ರ ಜನವರಿಯಿಂದ ಮಾರ್ಚ್‌ವರೆಗೆ 12 ಕಂತುಗಳಲ್ಲಿ ಜಪಾನಿನ ಕಿರುತೆರೆಯಲ್ಲಿ ಬಂದಿತು. ನಿರ್ದೇಶಕ ಯುಜುರು ತಾಚಿಕಾವಾ, ತಯಾರಿಸಿದ ಸಂಸ್ಥೆ ಮ್ಯಾಡ್‌ಹೌಸ್. ಎರಡು ವರ್ಷ ಮೊದಲು, 2013ರಲ್ಲಿ, ಯುವ ಚಿತ್ರಕಾರರಿಗೆ ತರಬೇತಿ ನೀಡುವ ಯೋಜನೆಯೊಂದರಲ್ಲಿ ಇದೇ ನಿರ್ದೇಶಕ 'ಡೆತ್ ಬಿಲಿಯರ್ಡ್ಸ್' ಎಂಬ ಕಿರುಚಿತ್ರ ಮಾಡಿದ್ದರು. ಧಾರಾವಾಹಿ ಬೆಳೆದದ್ದು ಅದರಿಂದಲೇ.

ಮದ್ಯ ಸುರಿಯುವ ಹುಡುಗನಿಗೂ ನಮ್ಮ ಯಮಧರ್ಮರಾಯನಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ, ಅದು ಬಹಳ ಹಳೆಯದು. ಪರದೆಯ ಮೇಲೆ ಚಿತ್ರಗಳು ಸರಸರನೆ ಸರಿದುಹೋಗುತ್ತವೆ. ಮುದ್ರಿತ ಪುಟದ ಅನುಕೂಲವೆಂದರೆ ಇಲ್ಲಿ ನಿಂತು ಹಿಂದೆ ತಿರುಗಿ ನೋಡಬಹುದು. ಹಾಗಾದರೆ ಸುಮಾರು ಮೂರು ಸಾವಿರ ವರ್ಷ ಹಿಂದಕ್ಕೆ ಹೋಗೋಣ.

ಋಗ್ವೇದದ ಹತ್ತನೆಯ ಮಂಡಲದಲ್ಲಿ ಕಾಣುವ ಯಮ ನ್ಯಾಯಾಧೀಶನಲ್ಲ. ಅವನು ಸತ್ತವರಲ್ಲಿ ಮೊದಲಿಗ. ಆ ದಾರಿಯನ್ನು ಮೊದಲು ಕಂಡುಹಿಡಿದವನು, ಹಿಂದೆ ಬರುವವರಿಗೆಲ್ಲ ದಾರಿ ತೋರಿಸಿದವನು. ಅವನ ಬಳಿ ನಾಲ್ಕು ಕಣ್ಣಿನ ಎರಡು ನಾಯಿಗಳಿವೆ, ಸರಮೆಯ ಮಕ್ಕಳು. ಲೆಕ್ಕದ ಪುಸ್ತಕವಿಲ್ಲ, ಕಾಯುವ ಎಣ್ಣೆಯ ಕೊಪ್ಪರಿಗೆಯಿಲ್ಲ. ಯಮ ಮೊದಲು ನಮ್ಮಂತೆ ಸಾವನ್ನು ಕಂಡವನು ಎಂಬ ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಅದು ಬೇಕಾಗುತ್ತದೆ.

ಬೌದ್ಧರ ಪಾಲಿ ಗ್ರಂಥಗಳಿಗೆ ಬರುವಾಗ ಚಿತ್ರ ಬದಲಾಗುತ್ತದೆ. ಮಜ್ಝಿಮ ನಿಕಾಯದಲ್ಲಿ 'ದೇವದೂತ ಸುತ್ತ' ಎಂಬ ಒಂದು ಭಾಗವಿದೆ. ಅಲ್ಲಿ ಪಾಪ ಮಾಡಿ ಸತ್ತವನನ್ನು ನರಕಪಾಲಕರು ಯಮನ ಮುಂದೆ ತಂದು ನಿಲ್ಲಿಸುತ್ತಾರೆ. ಯಮ ಕೇಳುವ ಪ್ರಶ್ನೆ ವಿಚಿತ್ರವಾಗಿದೆ. ಏನು ತಪ್ಪು ಮಾಡಿದೆ ಎಂದು ಅವನು ಕೇಳುವುದಿಲ್ಲ. ನಾನು ಕಳಿಸಿದ ದೂತರನ್ನು ನೀನು ಕಾಣಲಿಲ್ಲವೇ ಎಂದು ಕೇಳುತ್ತಾನೆ. ಮಲಗಿದಲ್ಲೇ ಹೊರಳುವ ಹಸುಗೂಸು, ಬೆನ್ನು ಬಾಗಿದ ಮುದುಕ, ಹಾಸಿಗೆ ಹಿಡಿದ ರೋಗಿ, ಶಿಕ್ಷೆ ಅನುಭವಿಸುವ ಅಪರಾಧಿ, ಹೆಣ: ಇವರೇ ಆ ಐವರು ದೂತರು. ಕಂಡಿದ್ದೆ, ಆದರೆ ಮೈಮರೆತಿದ್ದೆ ಎನ್ನುತ್ತಾನೆ ಸತ್ತವನು. ಈ ಕೆಲಸವನ್ನು ನಿನ್ನ ತಾಯಿ ಮಾಡಲಿಲ್ಲ, ತಂದೆ ಮಾಡಲಿಲ್ಲ, ನೀನೇ ಮಾಡಿದೆ ಎಂದು ಯಮ ಹೇಳಿ ಮೌನವಾಗುತ್ತಾನೆ. ಶಿಕ್ಷೆ ಅವನ ಬಾಯಿಂದ ಬರುವುದೇ ಇಲ್ಲ. ಕರ್ಮವೇ ತನ್ನ ದಾರಿ ಹಿಡಿಯುತ್ತದೆ.

ಅದೇ ಸುತ್ತದ ಕೊನೆಯಲ್ಲಿ ಯಮ ತನಗೆ ತಾನೇ ಅಂದುಕೊಳ್ಳುವ ಒಂದು ಮಾತಿದೆ. ನಾನೂ ಮನುಷ್ಯನಾಗಿ ಹುಟ್ಟಬೇಕು, ಆಗ ಲೋಕದಲ್ಲಿ ಬುದ್ಧನಿರಬೇಕು, ಅವನ ಧರ್ಮವನ್ನು ನಾನು ಕೇಳಿ ತಿಳಿಯಬೇಕು ಎಂಬುದು ಅದರ ಸಾರ. ತೀರ್ಪಿನ ಪೀಠದಲ್ಲಿ ಕುಳಿತವನಿಗೆ ಮನುಷ್ಯನಾಗುವ ಆಸೆ! ಬೌದ್ಧರ ಇನ್ನೊಂದು ಗ್ರಂಥ, ಚೀನೀ ಭಾಷೆಯಲ್ಲಿ ಉಳಿದಿರುವ ದೀರ್ಘಾಗಮ, ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ಯಮನಿಗೇ ಹಗಲು ಇರುಳಿನಲ್ಲಿ ಮೂರು ಬಾರಿ ಕಾದ ತಾಮ್ರದ ರಸವನ್ನು ಬಾಯಿಗೆ ಹೊಯ್ಯಲಾಗುತ್ತದೆ. ತೀರ್ಪು ಕೊಡುವವನೂ ನೋವಿಗೆ ಹೊರಗಲ್ಲ ಎಂಬ ಭಾವ ಇಲ್ಲಿದೆ. ಮೀಸೆ ಮತ್ತು ಗದೆಯ ಯಮನನ್ನು ಮಾತ್ರ ಬಲ್ಲ ನಮಗೆ ಇದು ಹೊಸ ಮುಖ.

ಬೌದ್ಧಧರ್ಮದೊಡನೆ ಯಮನೂ ಚೀನಾಕ್ಕೆ ಹೋದ. 'ಯಮರಾಜ' ಎಂಬ ಹೆಸರು ಚೀನೀ ನಾಲಗೆಯಲ್ಲಿ ಸವೆದು 'ಯಾನ್‌ಲುವೋ' ಆಯಿತು. ಜಪಾನಿಗೆ ಹೋದಾಗ 'ಎನ್ಮಾ' ಆಯಿತು. ಹೆಸರಿಗಿಂತ ಹೆಚ್ಚಾಗಿ ಬದಲಾದದ್ದು ಅವನ ಕಚೇರಿ. ಚೀನಾದಲ್ಲಿ ಆಗಲೇ ದೊಡ್ಡ ಅಧಿಕಾರಿ ವರ್ಗವಿತ್ತು. ಮೇಜು, ಮುದ್ರೆ, ಅರ್ಜಿ, ಗುಮಾಸ್ತರು, ಕಡತಗಳ ರಾಶಿ ಇದ್ದವು. ಪರಲೋಕವೂ ಅದೇ ಅಚ್ಚಿನಲ್ಲಿ ಎರಕಗೊಂಡಿತು. ಸುಮಾರು 9-10ನೆಯ ಶತಮಾನದ ಹೊತ್ತಿಗೆ 'ಹತ್ತು ರಾಜರ ಸೂತ್ರ' ರೂಪುಗೊಂಡಿತ್ತು. ಅದರ ಸಚಿತ್ರ ಸುರುಳಿಗಳು ದುನ್‌ಹುವಾಂಗ್ ಗುಹೆಗಳಲ್ಲಿ ದೊರೆತಿವೆ. ಈ ಸೂತ್ರದಲ್ಲಿ ಯಮ ಹತ್ತರಲ್ಲಿ ಒಬ್ಬ, ಐದನೆಯವನು. ಸತ್ತವನು ಏಳನೆಯ ದಿನ ಮೊದಲನೆಯ ರಾಜನ ಮುಂದೆ, ಹದಿನಾಲ್ಕನೆಯ ದಿನ ಎರಡನೆಯವನ ಮುಂದೆ, ಹೀಗೆ 49 ದಿನಗಳಲ್ಲಿ ಏಳು ಕಟಕಟೆಗಳನ್ನು ಹತ್ತಿ ಇಳಿಯಬೇಕು. ಬಳಿಕ ನೂರನೆಯ ದಿನ, ವರ್ಷ ತುಂಬಿದ ದಿನ, ಮೂರನೆಯ ವರ್ಷ. ಪ್ರತಿ ವಿಚಾರಣೆಯ ದಿನವೂ ಮನೆಯವರು ಪೂಜೆ, ದಾನಗಳನ್ನು ಮಾಡಿ ಸತ್ತವನ ಪರವಾಗಿ ಪುಣ್ಯ ಕಳಿಸಬಹುದು. ಒಂದು ಕಟಕಟೆಯಲ್ಲಿ ಸೋತರೆ ಮುಂದಿನದರಲ್ಲಿ ಗೆಲ್ಲುವ ಅವಕಾಶ ಉಳಿದಿರುತ್ತದೆ. ಜಪಾನಿನ ಮನೆಗಳಲ್ಲಿ 49ನೆಯ ದಿನದ ಕರ್ಮ ಇಂದಿಗೂ ನಡೆಯುತ್ತದೆ.

ಹತ್ತು ರಾಜರ ಚಿತ್ರಗಳನ್ನು ನೀವು ಎಂದಾದರೂ ನೋಡಿದರೆ ಅಲ್ಲಿರುವ ಸಾಮಾನುಗಳನ್ನು ಗಮನಿಸಿ. ನಾಲ್ಕನೆಯ ರಾಜನ ಬಳಿ ತಕ್ಕಡಿ. ಐದನೆಯವನ, ಅಂದರೆ ಯಮನ ಬಳಿ ಕನ್ನಡಿ. ಅದರ ಮುಂದೆ ತಂದು ನಿಲ್ಲಿಸಿದಾಗ ಸತ್ತವನಿಗೆ ತನ್ನ ಮುಖ ಕಾಣುವುದಿಲ್ಲ, ತಾನು ಹಿಂದೆ ಮಾಡಿದ ಕೆಲಸ ಕಾಣುತ್ತದೆ. ಇಲ್ಲವೆನ್ನಲು ಆಸ್ಪದವೇ ಇಲ್ಲ. ಅದು ಸಾಲದೆಂಬಂತೆ ಪ್ರತಿಯೊಬ್ಬನ ಜೊತೆಯಲ್ಲೇ ಹುಟ್ಟಿ, ಬದುಕಿನುದ್ದಕ್ಕೂ ಅವನ ಒಳಿತು ಕೆಡುಕುಗಳನ್ನು ಬರೆದಿಡುವ ಜೋಡಿ ದೇವತೆಗಳೂ ಇದ್ದಾರೆ. ಜಪಾನಿನಲ್ಲಿ ಅವರ ಹೆಸರು ಕುಶೋಜಿನ್. ನಮ್ಮ ಚಿತ್ರಗುಪ್ತ ಒಬ್ಬನೇ ಮಾಡುವ ಕೆಲಸಕ್ಕೆ ಅಲ್ಲಿ ಒಂದು ಇಲಾಖೆಯೇ ಇದೆ ಎನ್ನಿ.

ಇಲಾಖೆ ಎಂದ ಮೇಲೆ ಅದರ ದೋಷಗಳೂ ಬರಲೇಬೇಕು! 1592ರಲ್ಲಿ ಅಚ್ಚಾದ 'ಪಶ್ಚಿಮ ಯಾತ್ರೆ' ಎಂಬ ಚೀನೀ ಕಾದಂಬರಿಯಲ್ಲಿ ಒಂದು ಪ್ರಸಂಗವಿದೆ. ತಾಂಗ್ ಚಕ್ರವರ್ತಿ ತೈಜೋಂಗ್ ಪ್ರಾಣ ಬಿಟ್ಟು ಯಮಲೋಕ ಸೇರುತ್ತಾನೆ. ಅವನ ಆಳ್ವಿಕೆ 13ನೆಯ ವರ್ಷಕ್ಕೆ ಮುಗಿಯಬೇಕೆಂದು ಪುಸ್ತಕದಲ್ಲಿ ಬರೆದಿದೆ. ಗುಮಾಸ್ತ ತ್ಸುಯಿ ಮೆಲ್ಲಗೆ ಕುಂಚವೆತ್ತಿ ಎರಡು ಗೀಟು ಎಳೆಯುತ್ತಾನೆ. ಚೀನೀ ಲಿಪಿಯಲ್ಲಿ ಒಂದು ಗೀಟೆಂದರೆ ಒಂದು, ಮೂರು ಗೀಟೆಂದರೆ ಮೂರು. ಹದಿಮೂರು ಹೋಗಿ ಮೂವತ್ತಮೂರು ಆಯಿತು. ಚಕ್ರವರ್ತಿಗೆ ಇಪ್ಪತ್ತು ವರ್ಷ ಲಾಭ. ಪರಲೋಕದ ಕಡತವನ್ನೂ ತಿದ್ದಬಹುದು ಎಂದು ನಗುತ್ತ ಬರೆದ ಲೇಖಕನಿಗೆ ಇಹಲೋಕದ ಕಚೇರಿಗಳ ಪರಿಚಯ ಚೆನ್ನಾಗಿಯೇ ಇದ್ದಿರಬೇಕು.

ಇನ್ನು ಜಪಾನ್. ಅಲ್ಲಿಗೆ ಎರಡು ಬಗೆಯ ಯಮರು ಬಂದರು. ಒಬ್ಬ ದಿಕ್ಪಾಲಕ. ಕ್ಯೋಟೋದ ತೋ-ಜಿ ದೇವಾಲಯಕ್ಕಾಗಿ 1127ರಲ್ಲಿ ಬರೆದ ಹನ್ನೆರಡು ದೇವತೆಗಳ ಚಿತ್ರಮಾಲೆಯಲ್ಲಿ ಅವನು ಶಾಂತಮುಖದಿಂದ ಕೋಣವನ್ನೇರಿ, ನರಮುಖದ ದಂಡ ಹಿಡಿದು ಕುಳಿತಿದ್ದಾನೆ. ನಮ್ಮ ಕಣ್ಣಿಗೆ ಅವನ ಗುರುತು ತಟ್ಟನೆ ಹತ್ತುತ್ತದೆ. ಇನ್ನೊಬ್ಬ ಚೀನೀ ಅಧಿಕಾರಿಯ ಟೋಪಿ ಧರಿಸಿ, ಕೆಂಪು ಮುಖದಲ್ಲಿ ಬಾಯಿ ತೆರೆದು ಗದರಿಸುವ ಎನ್ಮಾ. ಜನಸಾಮಾನ್ಯರ ಮನಸ್ಸಿನಲ್ಲಿ ನಿಂತವನು ಈ ಎರಡನೆಯವನೇ. ಸುಳ್ಳು ಹೇಳಿದರೆ ಎನ್ಮಾ ನಾಲಗೆ ಕೀಳುತ್ತಾನೆ ಎಂದು ಜಪಾನಿನ ತಾಯಂದಿರು ಮಕ್ಕಳನ್ನು ಹೆದರಿಸುತ್ತಾರೆ.

ಆದರೆ ಜಪಾನಿನ ಅತಿ ಹಳೆಯ ಬೌದ್ಧ ಕಥಾಸಂಗ್ರಹವನ್ನು ತೆರೆದರೆ ನಮಗೆ ಸಿಗುವ ಯಮ ತಪ್ಪು ಮಾಡುವ ಯಮ. ಆ ಸಂಗ್ರಹದ ಹೆಸರು 'ನಿಹೊನ್ ರ್ಯೋಇಕಿ'. ಯಾಕುಶಿ-ಜಿ ದೇವಾಲಯದ ಭಿಕ್ಷು ಕ್ಯೋಕಾಯ್ ಸುಮಾರು 822ರ ಹೊತ್ತಿಗೆ ಇದನ್ನು ಮುಗಿಸಿದ. ಒಟ್ಟು 116 ಕಥೆಗಳು. ಒಂದರಲ್ಲಿ ಸಾನುಕಿ ಪ್ರಾಂತದ ಹೆಣ್ಣೊಬ್ಬಳನ್ನು ಒಯ್ಯಲು ಯಮದೂತ ಬರುತ್ತಾನೆ. ಬಾಗಿಲಲ್ಲಿ ರೋಗ ದೂರವಾಗಲೆಂದು ಇಟ್ಟಿದ್ದ ಎಡೆಯನ್ನು ಕಂಡು, ಓಡಿ ಬಂದು ದಣಿದಿದ್ದ ಅವನು ಉಂಡುಬಿಡುತ್ತಾನೆ. ಉಂಡ ಮೇಲೆ ಋಣ! ಅದೇ ಹೆಸರಿನವಳು ಬೇರೆ ಯಾರಾದರೂ ಇದ್ದಾಳೆಯೇ ಎಂದು ಕೇಳುತ್ತಾನೆ. ಬೇರೆ ತಾಲ್ಲೂಕಿನಲ್ಲಿ ಒಬ್ಬಳಿದ್ದಾಳೆ. ಅವಳನ್ನು ಒಯ್ಯುತ್ತಾನೆ. ಎನ್ಮಾ ನೋಡಿದ ಕೂಡಲೇ, ಇವಳಲ್ಲ ಎಂದು ಹಿಂದಕ್ಕೆ ಕಳಿಸಿ ಮೊದಲಿನವಳನ್ನು ಕರೆಸಿಕೊಳ್ಳುತ್ತಾನೆ. ಅಷ್ಟರಲ್ಲಿ ಇತ್ತ ಎರಡನೆಯವಳ ದೇಹವನ್ನು ಸುಟ್ಟುಬಿಟ್ಟಿದ್ದಾರೆ. ಕೊನೆಗೆ ಮೊದಲಿನವಳ ದೇಹದಲ್ಲಿ ಎರಡನೆಯವಳ ಜೀವವನ್ನು ಸೇರಿಸಲಾಗುತ್ತದೆ. ಎದ್ದವಳು ಇದು ನನ್ನ ಮನೆಯಲ್ಲ ಎಂದು ಹೊರಡುತ್ತಾಳೆ. ತನ್ನ ಮನೆಗೆ ಹೋದರೆ ಇವಳು ನಮ್ಮ ಮಗಳಲ್ಲ ಎನ್ನುತ್ತಾರೆ. ನಡೆದದ್ದನ್ನು ಕೇಳಿದ ಎರಡೂ ಮನೆಯವರು ಅವಳನ್ನು ಮಗಳೆಂದು ಒಪ್ಪುತ್ತಾರೆ. ಅವಳಿಗೆ ಇಬ್ಬರು ತಂದೆ, ಇಬ್ಬರು ತಾಯಿ, ಎರಡು ಮನೆಯ ಆಸ್ತಿ.

ಯಮದೂತರು ಹೆಸರು ತಪ್ಪಿ ಬೇರೊಬ್ಬರನ್ನು ಒಯ್ಯುವ ಇಂಥ ಕಥೆಗಳನ್ನು ನಮ್ಮ ಹಳ್ಳಿಗಳಲ್ಲಿಯೂ ಅಜ್ಜಿಯರು ಹೇಳುತ್ತಾರೆ. ಕಥೆ ನಗಿಸುತ್ತದೆ. ನಗುವಿನ ಹಿಂದೆ ಒಂದು ಧೈರ್ಯವೂ ಇದೆ: ತಪ್ಪು ನಡೆದರೆ ಆ ಪೀಠ ಅದನ್ನು ಒಪ್ಪಿಕೊಳ್ಳುತ್ತದೆ, ಸರಿಪಡಿಸುತ್ತದೆ.

ಪೀಠದ ಮುಂದೆ ನಮ್ಮ ಪರವಾಗಿ ಒಂದು ಮಾತು ಹೇಳುವವರು ಬೇಕಲ್ಲವೇ? ಜಪಾನೀಯರು ಅದಕ್ಕೂ ಒಬ್ಬನನ್ನು ಕಂಡುಕೊಂಡರು. ಅವನು ಕಲ್ಪಿತ ವ್ಯಕ್ತಿಯಲ್ಲ. ಓನೊ ನೊ ತಕಾಮುರಾ, 802ರಿಂದ 853ರವರೆಗೆ ಬದುಕಿದ್ದ ಕವಿ, ವಿದ್ವಾಂಸ, ಆಸ್ಥಾನದ ಅಧಿಕಾರಿ. ಚೀನಾಕ್ಕೆ ಹೊರಟ ರಾಯಭಾರದ ಹಡಗು ಹತ್ತಲು ಒಪ್ಪದೆ ಓಕಿ ದ್ವೀಪಕ್ಕೆ ಗಡೀಪಾರಾಗಿ, ಬಳಿಕ ಕ್ಷಮೆ ಪಡೆದು ಮರಳಿದ ಹಟವಾದಿ. ಹಗಲು ಚಕ್ರವರ್ತಿಯ ಕಚೇರಿಯಲ್ಲಿ ದುಡಿದು, ಇರುಳು ಕ್ಯೋಟೋದ ಚಿನ್ನೋ-ಜಿ ದೇವಾಲಯದ ಬಾವಿಗೆ ಇಳಿದು ಎನ್ಮಾನ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಎಂದು ಅವನ ಬಗ್ಗೆ ಐತಿಹ್ಯ ಹುಟ್ಟಿತು. ಆ ಬಾವಿಯನ್ನು ಇಂದಿಗೂ ತೋರಿಸುತ್ತಾರೆ. 12ನೆಯ ಶತಮಾನದ 'ಕೊಂಜಾಕು ಮೊನೊಗತಾರಿಶೂ' ಸಂಗ್ರಹದಲ್ಲಿ ಅವನ ಕಥೆ ಹೀಗಿದೆ. ವಿದ್ಯಾರ್ಥಿಯಾಗಿದ್ದಾಗ ಅವನು ಯಾವುದೋ ತಪ್ಪಿಗೆ ಸಿಕ್ಕಿಬಿದ್ದಿದ್ದ. ಆಗ ಫುಜಿವಾರಾ ನೊ ಯೋಶಿಮಿ ಎಂಬ ದೊಡ್ಡ ಮನೆತನದ ಅಧಿಕಾರಿ ಅವನ ಪರವಾಗಿ ಒಳ್ಳೆಯ ಮಾತಾಡಿದ್ದ. ವರ್ಷಗಳ ಮೇಲೆ ಯೋಶಿಮಿ ಕಾಯಿಲೆ ಬಿದ್ದು ಸತ್ತು ಎನ್ಮಾನ ಮುಂದೆ ನಿಂತಾಗ ಅಧಿಕಾರಿಗಳ ಸಾಲಿನಲ್ಲಿ ತಕಾಮುರಾ ಕುಳಿತಿದ್ದಾನೆ! ಇವನು ನೇರ ಮನಸ್ಸಿನವನು, ನನ್ನ ಮುಖ ನೋಡಿ ಬಿಡಬೇಕು ಎಂದು ಅವನು ಕೇಳಿಕೊಳ್ಳುತ್ತಾನೆ. ಎನ್ಮಾ ಒಪ್ಪುತ್ತಾನೆ. ಬದುಕಿ ಬಂದ ಯೋಶಿಮಿ ಗುಟ್ಟಾಗಿ ಕೇಳಿದಾಗ, ಹಿಂದಿನ ಉಪಕಾರಕ್ಕೆ ಇದು ನನ್ನ ಕೃತಜ್ಞತೆ, ಯಾರಿಗೂ ಹೇಳಬೇಡಿ ಎನ್ನುತ್ತಾನೆ ತಕಾಮುರಾ. ಇದು ನ್ಯಾಯವೋ ಶಿಫಾರಸೋ ನೀವೇ ಚರ್ಚೆ ಮಾಡಿ. ಕಥೆಯ ತಿರುಳು ಬೇರೆ ಎಂದು ನನಗೆ ತೋರುತ್ತದೆ. ಸತ್ತವರನ್ನು ಅಳೆಯುವ ಕಡೆ ಬದುಕಿರುವ ಮನುಷ್ಯನೊಬ್ಬ ಇರಬೇಕು, ಕೈಗೆ ಕೋಳ ಬಿದ್ದಾಗಿನ ಅವಮಾನ ಅವನಿಗೆ ಗೊತ್ತಿರಬೇಕು.

ಈ ಆಸ್ಥಾನದ ಪಾತ್ರವರ್ಗ ಇನ್ನೂ ದೊಡ್ಡದು. ಸಾಂಜು ಎಂಬ ನದಿಯ ದಡದಲ್ಲಿ, ನಮ್ಮ ವೈತರಣಿಯಂತೆ ಅದು, ದತ್ಸುಎಬಾ ಎಂಬ ಮುದುಕಿ ಸತ್ತವರ ಬಟ್ಟೆ ಸುಲಿಯುತ್ತಾಳೆ. ಅವಳ ಜೊತೆಗಾರ ಮುದುಕ ಆ ಬಟ್ಟೆಯನ್ನು ಮರದ ಕೊಂಬೆಗೆ ನೇತುಹಾಕುತ್ತಾನೆ. ಕೊಂಬೆ ಎಷ್ಟು ಬಾಗುತ್ತದೋ ಪಾಪ ಅಷ್ಟು ಭಾರ. ಕ್ಷಿತಿಗರ್ಭ ಬೋಧಿಸತ್ವ, ಜಪಾನಿನಲ್ಲಿ ಜಿಝೋ, ನರಕದಲ್ಲಿರುವವರ ಪರವಾಗಿ ನಿಲ್ಲುವ ಕರುಣಾಳು. ಜಪಾನಿನಲ್ಲೇ ರೂಪುಗೊಂಡ ಒಂದು ಸೂತ್ರ ಎನ್ಮಾ ಮತ್ತು ಜಿಝೋ ಬೇರೆಯಲ್ಲ, ಗದರುವವನೂ ಕಾಯುವವನೂ ಒಬ್ಬನೇ ಎಂದುಬಿಟ್ಟಿತು. ಟೋಕಿಯೋದ ಗೆಂಕಾಕು-ಜಿ ದೇವಾಲಯದಲ್ಲಿ ಎನ್ಮಾನ ಒಂದು ಹಳೆಯ ವಿಗ್ರಹವಿದೆ. ಅದರ ಬಲಗಣ್ಣು ಒಡೆದು ಹಳದಿಯಾಗಿದೆ. ಕಣ್ಣು ಕಾಣದ ಮುದುಕಿಯೊಬ್ಬಳು 21 ದಿನ ಹರಕೆ ಹೊತ್ತಾಗ ಎನ್ಮಾ ತನ್ನ ಒಂದು ಕಣ್ಣನ್ನೇ ಕೊಟ್ಟನಂತೆ. ಅವಳು ಅದಕ್ಕೆ ಪ್ರತಿಯಾಗಿ ತನಗೆ ಪ್ರಿಯವಾದ ಕೊನ್ನ್ಯಾಕು ತಿನ್ನುವುದನ್ನು ಬಿಟ್ಟು ಅದನ್ನೇ ದೇವರಿಗೆ ನೈವೇದ್ಯ ಮಾಡಿದಳು. ಕೊನ್ನ್ಯಾಕು ಎಂದರೆ ನಮ್ಮ ಸುವರ್ಣಗಡ್ಡೆಯ ಹತ್ತಿರದ ಜಾತಿಯ ಗಡ್ಡೆಯಿಂದ ಮಾಡುವ ತಿನಿಸು. ಭಕ್ತರು ಈಗಲೂ ಅದನ್ನೇ ತಂದಿಡುತ್ತಾರೆ.

985ರಲ್ಲಿ ಭಿಕ್ಷು ಗೆನ್‌ಶಿನ್ ಬರೆದ 'ಓಜೋಯೋಶೂ' ಗ್ರಂಥ ಎಂಟು ನರಕಗಳನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿತು. 12ನೆಯ ಶತಮಾನದಲ್ಲಿ ನರಕದ ಚಿತ್ರಸುರುಳಿಗಳು ಬಂದವು. ಮುಂದಿನ ಶತಮಾನಗಳಲ್ಲಿ ಕುಮಾನೊದ ಭಿಕ್ಷುಣಿಯರು ಸ್ವರ್ಗ ನರಕಗಳ ದೊಡ್ಡ ಪಟಗಳನ್ನು ಹೊತ್ತು ಊರೂರು ತಿರುಗಿ, ಕೋಲಿನಿಂದ ತೋರಿಸುತ್ತ ಕಥೆ ಹೇಳಿದರು. ಬೀದಿಯಲ್ಲಿ ನಿಂತು ಪಟ ನೋಡುತ್ತಿದ್ದ ಆ ಜನರ ಮೊಮ್ಮಕ್ಕಳ ಮೊಮ್ಮಕ್ಕಳೇ ಇಂದು ಅನಿಮೆ ನೋಡುವವರು. ಆದ್ದರಿಂದ ಅನಿಮೆಯಲ್ಲಿ ಎನ್ಮಾ ಮತ್ತೆ ಮತ್ತೆ ಬರುವುದು ಅಚ್ಚರಿಯಲ್ಲ. 'ಡ್ರ್ಯಾಗನ್ ಬಾಲ್ ಝೆಡ್'ನಲ್ಲಿ ಅವನು ಬೆಟ್ಟದಷ್ಟು ದೊಡ್ಡ ಮೇಜಿನ ಹಿಂದೆ ಕುಳಿತ ಕೋಟು ಟೈಯ ಅಧಿಕಾರಿ. 1992ರಿಂದ 1995ರವರೆಗೆ ಬಂದ 'ಯು ಯು ಹಾಕುಶೊ'ದಲ್ಲಿ ಅವನ ಮಗ ಕೊಎನ್ಮಾ ಬಾಯಲ್ಲಿ ಮಗುವಿನ ನಿಪ್ಪಲ್ ಇಟ್ಟುಕೊಂಡು ಕಡತಗಳಿಗೆ ಮುದ್ರೆ ಒತ್ತುತ್ತಾನೆ. 2014ರ 'ಹೋಜುಕಿ ನೊ ರೇತೆತ್ಸು'ವಿನಲ್ಲಿ ಎನ್ಮಾ ಸೋಮಾರಿ ಮೇಲಧಿಕಾರಿ. ಕೆಲಸವೆಲ್ಲ ನಿಷ್ಠುರ ಕಾರ್ಯದರ್ಶಿ ಹೋಜುಕಿಯದು. ಕಚೇರಿಯ ನಗೆಯನ್ನು ಇವು ಚೆನ್ನಾಗಿ ಬಳಸಿಕೊಂಡವು.

'ಡೆತ್ ಪರೇಡ್' ಮಾತ್ರ ನಗೆಯ ದಾರಿ ಹಿಡಿಯಲಿಲ್ಲ. ಮೇಲುನೋಟಕ್ಕೆ ಅದರಲ್ಲಿ ಎನ್ಮಾನೂ ಇಲ್ಲ. ಹೆಸರುಗಳೆಲ್ಲ ಲ್ಯಾಟಿನ್. ರೋಮನರ ಮೂವರು ವಿಧಿದೇವತೆಗಳಲ್ಲಿ ನೋನಾ ಬದುಕಿನ ನೂಲು ತೆಗೆಯುವವಳು, ಡೆಕಿಮಾ ಅದನ್ನು ಅಳೆಯುವವಳು, ಮೋರ್ತಾ ಕತ್ತರಿಸುವವಳು. ಧಾರಾವಾಹಿಯಲ್ಲಿ ಮೇಲ್ವಿಚಾರಕಿಯ ಹೆಸರು ನೋನಾ, ಅಳೆಯುವವನು ಡೆಕಿಮ್. ಅವನ ಪಾನಗೃಹ ಕ್ವಿನ್‌ಡೆಕಿಮ್, ಎಂದರೆ ಹದಿನೈದು. ಲಿಫ್ಟ್ ನಡೆಸುವವನು ಕ್ಲಾವಿಸ್, ಕೀಲಿಕೈ. ಎಲ್ಲರ ಮೇಲೆ ಕುಳಿತ ಮುದುಕ ಓಕುಲಸ್, ಕಣ್ಣು. ವೇಷ ಹೊಸದು. ಒಳಗಿನ ಪಾತ್ರಗಳನ್ನು ನೀವು ಈಗ ಗುರುತಿಸಬಲ್ಲಿರಿ. ಸತ್ತವರನ್ನು ಬೇರೆ ಬೇರೆ ನ್ಯಾಯಕಾರರಿಗೆ ಹಂಚುವ ಕಾಸ್ತ್ರಾ, ಅವರ ನೆನಪುಗಳನ್ನು ಸಂಗ್ರಹಿಸುವ ಕ್ವಿನ್: ಇವರು ಚಿತ್ರಗುಪ್ತನ ವಂಶದವರು. ಆಟದ ಮೇಜೇ ಯಮನ ಕನ್ನಡಿ. ಪಾನಗೃಹವೋ, ಸಾವಿಗೂ ಮರುಹುಟ್ಟಿಗೂ ನಡುವೆ ಬೌದ್ಧರು ಹೇಳಿದ ಅಂತರಾಭವ. ಡೆಕಿಮ್ ತಾನು ತೀರ್ಪು ಕೊಟ್ಟವರ ಆಕಾರದ ಗೊಂಬೆಗಳನ್ನು ಮಾಡಿ, ಅವರ ಬಟ್ಟೆಯನ್ನೇ ತೊಡಿಸಿ ಇಟ್ಟುಕೊಳ್ಳುತ್ತಾನೆ. ನದಿಯ ದಡದ ಮುದುಕಿ ಬಟ್ಟೆ ಸುಲಿದದ್ದು ತೂಗುವುದಕ್ಕೆ. ಇವನು ಬಟ್ಟೆ ಕಾಪಾಡುವುದು ಬಾಳಿ ಬಂದವರ ಮೇಲಿನ ಗೌರವಕ್ಕೆ. ನಿರ್ದೇಶಕರ ಮನಸ್ಸಿನಲ್ಲಿ ಈ ಹೋಲಿಕೆ ಇತ್ತೆಂದು ನಾನು ಹೇಳಲಾರೆ. ನೋಡುವವರಿಗೆ ಮಾತ್ರ ಅದು ಹೊಳೆಯುತ್ತದೆ.

ಈಗ ಮೊದಲ ಕಂತಿಗೆ ಬನ್ನಿ. ಮಧುಚಂದ್ರಕ್ಕೆ ಹೊರಟಿದ್ದ ಹೊಸ ಜೋಡಿ, ತಕಾಶಿ ಮತ್ತು ಮಚಿಕೊ. ಆಟ ಡಾರ್ಟ್ಸ್. ಒಬ್ಬರು ಎಸೆಯುವ ಬಾಣ ಇನ್ನೊಬ್ಬರ ಮೈಯ ನೋವಾಗುತ್ತದೆ. ನೋವು ಏರಿದಂತೆ ಗಂಡನ ಅನುಮಾನ ಏರುತ್ತದೆ, ಹೆಂಡತಿ ತನಗೆ ಮೋಸ ಮಾಡಿದ್ದಾಳೆ ಎಂದು. ಕೊನೆಗೆ ಮಚಿಕೊ, ಹೌದು, ಹಣಕ್ಕಾಗಿಯೇ ನಿನ್ನನ್ನು ಮದುವೆಯಾದೆ ಎಂದು ಅಬ್ಬರಿಸಿ ನಗುತ್ತಾಳೆ. ತಕಾಶಿಗೆ ಮರುಹುಟ್ಟು, ಮಚಿಕೊಗೆ ಶೂನ್ಯ. ನೋಡುವ ನಾವೂ ಒಪ್ಪಿಬಿಡುತ್ತೇವೆ. ಎರಡನೆಯ ಕಂತು ಅದೇ ಘಟನೆಯನ್ನು ಪಕ್ಕದ ಕೋಣೆಯಿಂದ ತೋರಿಸುತ್ತದೆ. ಅಲ್ಲಿ ನಿಂತು ನೋಡುತ್ತಿದ್ದ ಕಪ್ಪು ಕೂದಲಿನ ಹೆಣ್ಣೊಬ್ಬಳು ಹೇಳುತ್ತಾಳೆ: ಆಕೆ ಸುಳ್ಳು ಹೇಳಿದಳು. ಅನುಮಾನಪಟ್ಟು ಎಲ್ಲವನ್ನೂ ಹಾಳುಮಾಡಿದೆ ಎಂಬ ಕೊರಗಿನಲ್ಲಿ ಕುಸಿಯುತ್ತಿದ್ದ ಗಂಡನನ್ನು ಉಳಿಸಲು ಕೆಟ್ಟವಳ ವೇಷ ಹಾಕಿದಳು. ಡೆಕಿಮ್ ಬಳಿ ಇಬ್ಬರ ನೆನಪುಗಳೂ ಇದ್ದವು, ಆದರೆ ಪ್ರೀತಿಯಿಂದ ಸುಳ್ಳು ಹೇಳಬಹುದು ಎಂಬುದು ಅವನಿಗೆ ಗೊತ್ತಿರಲಿಲ್ಲ. ಅವನು ತಲೆ ತಗ್ಗಿಸುತ್ತಾನೆ. ಲಿಫ್ಟ್ ಆಗಲೇ ಹೊರಟುಹೋಗಿದೆ.

ಒಂಬತ್ತನೆಯ ಶತಮಾನದ ಎನ್ಮಾ ತಪ್ಪಿ ಬಂದವಳನ್ನು ಹಿಂದಕ್ಕೆ ಕಳಿಸಬಲ್ಲವನಾಗಿದ್ದ. ಚೀನಾದ ಸೂತ್ರದಲ್ಲಿ ಹತ್ತು ಕಟಕಟೆಗಳಿದ್ದವು. ಇಲ್ಲಿ ಒಂದೇ ಆಟ, ಒಂದೇ ತೀರ್ಪು, ಮೇಲ್ಮನವಿಯೇ ಇಲ್ಲ. ಒಂದೇ ದಿನದ ಮೂರು ಗಂಟೆಯ ಪರೀಕ್ಷೆಯಲ್ಲಿ ವರ್ಷದ ಓದೆಲ್ಲ ತೂಗಿಹೋಗುವುದನ್ನು ಕಂಡಿರುವ ನಿಮಗೆ ಈ ದಿಗಿಲನ್ನು ವಿವರಿಸಬೇಕಾಗಿಲ್ಲ.

ಕಪ್ಪು ಕೂದಲಿನ ಆ ಹೆಣ್ಣು ಧಾರಾವಾಹಿಯ ತಕಾಮುರಾ. ಅವಳ ಹೆಸರು ಚಿಯುಕಿ ಎಂದು ನಮಗೆ ಗೊತ್ತಾಗುವುದು ಬಹಳ ತಡವಾಗಿ. ತಾನು ಸತ್ತಿದ್ದೇನೆಂಬ ಅರಿವಿನೊಂದಿಗೇ ಬಂದದ್ದರಿಂದ ಅವಳಿಗೆ ತೀರ್ಪು ಕೊಡಲಾಗಲಿಲ್ಲ. ನೆನಪು ಅಳಿಸಿ ಡೆಕಿಮ್‌ನ ಸಹಾಯಕಿಯಾಗಿ ಇಟ್ಟುಕೊಂಡಿದ್ದಾರೆ. ಅವಳು ಎತ್ತುವ ಆಕ್ಷೇಪ ಈ ಪರಂಪರೆಯಲ್ಲಿ ಹೊಸದು. ಹಳೆಯ ಕನ್ನಡಿ ನಡೆದುಹೋದದ್ದನ್ನು ತೋರಿಸುತ್ತಿತ್ತು. ಕ್ವಿನ್‌ಡೆಕಿಮ್‌ನ ಆಟ ಹಾಗಲ್ಲ. ಮನುಷ್ಯನನ್ನು ಭಯ, ನೋವು, ಸೇಡಿನ ಅಂಚಿಗೆ ತಳ್ಳಿ ಒಳಗಿನ ಕತ್ತಲೆ ಹೊರಬರಲಿ ಎಂದು ಕಾಯುತ್ತದೆ. ಆ ಕತ್ತಲೆ ಮೊದಲೇ ಇತ್ತೆಂದು ಹೇಗೆ ಹೇಳುತ್ತೀರಿ, ತಳ್ಳಿ ತಳ್ಳಿ ನೀವೇ ಅದನ್ನು ಹುಟ್ಟಿಸುತ್ತಿದ್ದೀರಲ್ಲ ಎನ್ನುತ್ತಾಳೆ ಅವಳು. ತಂಗಿಗಾದ ಅನ್ಯಾಯಕ್ಕೆ ಸೇಡು ತೀರಿಸಿಕೊಂಡು ಬಂದ ಶಿಮಾದಾ ಎಂಬ ಯುವಕನ ವಿಚಾರಣೆಯಲ್ಲಿ ಈ ಜಗಳ ತಾರಕಕ್ಕೇರುತ್ತದೆ. ಅವನ ಎದುರಾಳಿ ತತ್ಸುಮಿ ಬದುಕಿದ್ದಾಗ ಪೊಲೀಸ್ ಪತ್ತೇದಾರ. ಹೆಂಡತಿಯ ಕೊಲೆಯ ನಂತರ ತಾನೇ ನ್ಯಾಯಾಧೀಶನೆಂದು ಬಗೆದು ಅಪರಾಧಿಗಳನ್ನು ಕೊಲ್ಲುತ್ತಿದ್ದವನು. ಆ ಹುಡುಗಿಯ ಮೇಲೆ ದೌರ್ಜನ್ಯ ನಡೆದಾಗ ತಡೆಯದೆ ನೋಡುತ್ತ ನಿಂತಿದ್ದ, ಅಪರಾಧ ಪೂರ್ತಿಯಾದರೆ ತಾನೇ ತೀರ್ಪು ಕೊಡಬಹುದೆಂದು. ಪೀಠದ ಮೇಲಿನ ಆಸೆ ಮನುಷ್ಯನನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಇಡೀ ಧಾರಾವಾಹಿಯಲ್ಲಿ ಅತಿ ಭಯಂಕರ ಪಾತ್ರ ಇದೇ ಎಂಬುದು ನನ್ನ ಅಭಿಪ್ರಾಯ. ಅವನ ಮುಂದೆ ಕೊಂಬಿನ ಮುಖವಾಡ ಏನೂ ಅಲ್ಲ.

ಓಕುಲಸ್ ನಿಯಮಗಳ ಮನುಷ್ಯ. ನ್ಯಾಯಕಾರರು ಗೊಂಬೆಗಳು, ಅವರಿಗೆ ಮನುಷ್ಯರ ಭಾವನೆ ಕೂಡದು, ಸಾವನ್ನು ಅವರು ಅರಿಯಲಾರರು, ಆದ್ದರಿಂದಲೇ ಪಕ್ಷಪಾತವಿಲ್ಲದೆ ತೂಗಬಲ್ಲರು ಎಂಬುದು ಅವನ ಮತ. ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ತಕ್ಕಡಿಗೆ ಕಣ್ಣೀರು ಬಂದರೆ ತೂಕ ಕೆಡುವುದಿಲ್ಲವೇ? ನೋನಾ ಗುಟ್ಟಾಗಿ ಡೆಕಿಮ್‌ನೊಳಗೆ ಭಾವನೆಯ ಬೀಜ ಹಾಕಿದ್ದಾಳೆ. ಬದುಕದವನು ಬದುಕನ್ನು ತೂಗಲಾರ ಎಂಬುದು ಅವಳ ಪಕ್ಷ. ಇಲ್ಲಿಯೇ ನಾನು ಮೊದಲು ನೆನಪಿಡಿ ಎಂದ ಮಾತು ಬರುತ್ತದೆ. ಋಗ್ವೇದದ ಯಮ ಸತ್ತವರಲ್ಲಿ ಮೊದಲಿಗ. ಪಾಲಿ ಸುತ್ತದ ಯಮ ಮನುಷ್ಯನಾಗಲು ಹಂಬಲಿಸಿದವನು. ಓಕುಲಸ್ ಹೇಳುವ ಭಾವವಿಲ್ಲದ ನ್ಯಾಯಕಾರ ಹೊಸ ಕಲ್ಪನೆ. ಯಂತ್ರಗಳ ಕಾಲದ್ದು ಎನ್ನಬಹುದು. ಅರ್ಜಿಗಳನ್ನೂ ಅಭ್ಯರ್ಥಿಗಳನ್ನೂ ಗಣಕಯಂತ್ರದಿಂದ ತೂಗಿಸಲು ಹೊರಟಿರುವ ಇಂದಿನ ದಿನಗಳಲ್ಲಿ ಓಕುಲಸ್ ಮತ್ತು ನೋನಾ ಇವರ ವಾದ ಜಪಾನಿನ ಪಾನಗೃಹದಲ್ಲೇ ಉಳಿದಿಲ್ಲ.

ಚಿಯುಕಿ ಬದುಕಿದ್ದಾಗ ಮಂಜಿನ ಮೇಲೆ ಸ್ಕೇಟಿಂಗ್ ಮಾಡುತ್ತಿದ್ದವಳು. ಮೊಣಕಾಲಿಗೆ ಪೆಟ್ಟಾಗಿ ಆಟ ನಿಂತಿತು. ತನ್ನ ನೋವು ಯಾರಿಗೂ ತಿಳಿಯದು ಎಂದುಕೊಂಡು ತನ್ನ ಬದುಕನ್ನು ತಾನೇ ಮುಗಿಸಿಕೊಂಡಳು. ಕೊನೆಯ ಕಂತಿನಲ್ಲಿ ಡೆಕಿಮ್ ಅವಳನ್ನು ಅವಳ ಮನೆಗೆ ಕರೆದೊಯ್ಯುತ್ತಾನೆ. ಅಲ್ಲಿ ಒಬ್ಬಂಟಿ ತಾಯಿ ಮಗಳ ಚಿತ್ರದ ಮುಂದೆ ಕುಳಿತಿದ್ದಾಳೆ. ಮಗಳು ಕೂಗುತ್ತಾಳೆ, ತಾಯಿಗೆ ಕೇಳುವುದಿಲ್ಲ. ಈ ಗುಂಡಿ ಒತ್ತಿದರೆ ನೀನು ಬದುಕುತ್ತೀಯೆ, ನಿನ್ನ ಬದಲಿಗೆ ಎಲ್ಲೋ ಇರುವ, ನಿನಗೆ ಗೊತ್ತಿಲ್ಲದ ಒಬ್ಬರು ಸಾಯುತ್ತಾರೆ ಎನ್ನುತ್ತಾನೆ ಡೆಕಿಮ್. ಕೈ ಗುಂಡಿಯವರೆಗೆ ಹೋಗುತ್ತದೆ. ಆದರೆ ಆ ಯಾರೋ ಒಬ್ಬರಿಗೂ ಮನೆಯಲ್ಲಿ ಕಾಯುವವರು ಇದ್ದಾರು. ಅವಳು ಒತ್ತುವುದಿಲ್ಲ, ಕುಸಿದು ಅಳುತ್ತಾಳೆ. ಅದನ್ನು ನೋಡುತ್ತ ನಿಂತ ಡೆಕಿಮ್‌ಗೆ ಎದೆ ಹಿಂಡಿದಂತಾಗುತ್ತದೆ. ಇದು ಪರೀಕ್ಷೆಯಾಗಿತ್ತು ಎಂದು ಹೇಳಿ ಅವನು ಕ್ಷಮೆ ಕೇಳುತ್ತಾನೆ, ಗೊಂಬೆಯ ಕಣ್ಣಲ್ಲಿ ನೀರು ಬರುತ್ತದೆ. ತಕ್ಕಡಿ ಹಿಡಿದವನಿಗೆ ಮೊದಲ ಬಾರಿ ತಕ್ಕಡಿಯ ಭಾರ ತಿಳಿದದ್ದು ಆಗ. ಕಾದ ತಾಮ್ರದ ರಸವೇ ಅದು.

ಅವಳು ಲಿಫ್ಟ್ ಏರಿ ಮರುಹುಟ್ಟಿನ ದಾರಿ ಹಿಡಿಯುತ್ತಾಳೆ. ಡೆಕಿಮ್ ಮತ್ತೆ ತನ್ನ ಕಟ್ಟೆಗೆ ಬರುತ್ತಾನೆ. ಪಾನಗೃಹದಲ್ಲಿ ಈಗ ಚಿಯುಕಿಯ ಬಟ್ಟೆ ತೊಟ್ಟ ಗೊಂಬೆಯೊಂದು ಹೆಚ್ಚಾಗಿದೆ. ಲಿಫ್ಟಿನ ಬಾಗಿಲು ತೆರೆದುಕೊಂಡು ಇಬ್ಬರು ಹೊಸಬರು ದಾರಿ ತಪ್ಪಿದವರಂತೆ ಸುತ್ತ ನೋಡುತ್ತ ಒಳಗೆ ಬರುತ್ತಾರೆ. ಡೆಕಿಮ್ 'ಕ್ವಿನ್‌ಡೆಕಿಮ್‌ಗೆ ಸ್ವಾಗತ' ಎನ್ನುತ್ತಾನೆ. ಈ ಸಲ ಅವನ ಮುಖದಲ್ಲಿ ನಗುವಿದೆ.